ಮೊದಲ ಮನೆ ಮಾರೋದಾ, ಬಾಡಿಗೆಗೆ ಕೊಡೋದಾ? "ನೋಡೋಣ" ಅನ್ನೋಕೆ ಮುಂಚೆ ಹಾಕ್ಬೇಕಾದ ಲೆಕ್ಕ

ನಮ್ಮ ಮೊದಲನೇ ಮನೆ ತುಮಕೂರಲ್ಲಿ, ಶೆಟ್ಟಿಹಳ್ಳಿ ಕಡೆ. ಮೂವತ್ತು ನಲವತ್ತು ಸೈಟು, ಪೂರ್ವದ ಬಾಗಿಲು, ಕೆಳಗಡೆ ಎರಡು ಬೆಡ್‌ರೂಮು, ಮೇಲೆ ಬರೀ ಟೆರೇಸು, ಹಿಂದೆ ಒಂದು ತೆಂಗಿನ ಮರ. ಸೈಟು ಕೊಂಡು ಮನೆ ಕಟ್ಟಿ ಮುಗಿಸೋ ಹೊತ್ತಿಗೆ 2014-15ರಲ್ಲಿ ಒಟ್ಟು 30 ಲಕ್ಷ ಆಗಿತ್ತು. ಆಮೇಲೆ ನಮ್ಮೆಜಮಾನ್ರಿಗೆ ಪೀಣ್ಯದಲ್ಲಿ ಕೆಲಸ, ಮಗಳಿಗೆ ಬೆಂಗಳೂರಲ್ಲಿ ಕಾಲೇಜು ಅಂತ 2022ರ ಮೇನಲ್ಲಿ ದಾಸರಹಳ್ಳಿ ಹತ್ರ ಒಂದು ಫ್ಲ್ಯಾಟ್ ತಗೊಂಡ್ವಿ, 40 ಲಕ್ಷ ಲೋನ್ ಮಾಡಿ. ತುಮಕೂರಿನ ಮನೆ ಏನ್ ಮಾಡೋದು ಅಂತ ಮಾತು ಬಂದಾಗ ಯಜಮಾನ್ರು ಮಾರ್‍ಬಿಡೋಣ ಅಂದ್ರು, ನಮ್ಮತ್ತೆ "ಮನೆ ಮಾರದು ಅಂದ್ರೆ ಹಾಲು ಬತ್ತಿದ್ ಹಸಾನ ಸಂತೆಗೆ ಹೊಡ್ಕಂಡೋದಂಗಾ?" ಅಂದ್ರು, ಇಬ್ಬರ ಮಧ್ಯೆ ಜಗಳ ಬೇಡ ಅಂತ ನಾನು "ಸದ್ಯಕ್ಕೆ ಬಾಡಿಗೆಗೆ ಕೊಡೋಣ, ಆಮೇಲೆ ನೋಡೋಣ" ಅಂದೆ. ಎಲ್ಲರೂ ಒಪ್ಪಿದ್ರು. ಆ "ನೋಡೋಣ" ಅನ್ನೋದು ಎಷ್ಟು ದುಬಾರಿ ಮಾತು ಅಂತ ಗೊತ್ತಾಗಿದ್ದು 2025ರಲ್ಲಿ ಕೊನೆಗೂ ಮಾರಿದಾಗ. ಅದಕ್ಕೇ ಇದನ್ನ ಬರೀತಿರೋದು, ನೀವೂ ಇದೇ ಜಾಗದಲ್ಲಿ ನಿಂತಿದ್ರೆ ನಾವು ಹಾಕದೇ ಬಿಟ್ಟ ಲೆಕ್ಕ ನೀವಾದ್ರೂ ಹಾಕ್ಲಿ ಅಂತ.

ಮೊದಲು ಬಾಡಿಗೆ ಲೆಕ್ಕ. ನಮಗೆ ತಿಂಗಳಿಗೆ 14,000 ಬರ್ತಿತ್ತು. ಎಲ್ಲರೂ ಮಾಡೋ ಹಂಗೆ ನಾನೂ ಹನ್ನೆರಡರಿಂದ ಗುಣಿಸಿ 1 ಲಕ್ಷ 68 ಸಾವಿರ ಅಂತ ಖುಷಿಪಟ್ಟೆ. ಆದ್ರೆ ಮನೆ ವರ್ಷಕ್ಕೆ ಹನ್ನೆರಡು ತಿಂಗಳೂ ತುಂಬಿರಲ್ಲ ಕಣ್ರೀ. ಬಾಡಿಗೆಯೋರು ಆಷಾಢಕ್ಕೆ ಒಂದು ವಾರ ಮುಂಚೆ ಖಾಲಿ ಮಾಡಿದ್ರು ಅಂದ್ಕೊಳಿ, ಮುಗೀತು, ಶ್ರಾವಣ ಬರೋವರೆಗೂ ಯಾರೂ ಹಾಲುಕ್ಸೋಕೆ ಬರಲ್ಲ, ಧನುರ್ಮಾಸದಲ್ಲೂ ಅದೇ ಕಥೆ. ಒಂದು ತಿಂಗಳು ಖಾಲಿ ಅಂತ ಹಿಡೀರಿ, ಬ್ರೋಕರ್‌ಗೆ ಪ್ರತಿ ಸಲ ಒಂದು ತಿಂಗಳ ಬಾಡಿಗೆ, ಕಂದಾಯ, ಒಬ್ಬರು ಹೋಗಿ ಇನ್ನೊಬ್ಬರು ಬರೋ ಮಧ್ಯೆ ಪೇಂಟು, ನಲ್ಲಿ, ಕಮೋಡು, ಸಂಪಿನ ಮೋಟ್ರು. ಎಲ್ಲಾ ಕಳೆದ್ರೆ ನಮಗೆ ವರ್ಷಕ್ಕೆ 1.2 ಲಕ್ಷ ಉಳಿದ್ರೆ ಹೆಚ್ಚು. ಆಗ ಮನೆಗೆ ಕೇಳ್ತಿದ್ದ ರೇಟು 62 ಲಕ್ಷ. ಅಂದ್ರೆ 2 ಪರ್ಸೆಂಟೂ ಇಲ್ಲ. ಬ್ಯಾಂಕಲ್ಲಿ ಸುಮ್ನೆ ಎಫ್‌ಡಿ ಇಟ್ರೂ ಅದರ ಮೂರರಷ್ಟು ಬರುತ್ತೆ.

ಇಲ್ಲಿ ಎಲ್ಲರೂ ಹೇಳೋ ಮಾತು, "ಬಾಡಿಗೆ ಬಿಡ್ರೀ, ಜಾಗದ ರೇಟು ಏರಲ್ವಾ". ಏರುತ್ತೆ, ಇಲ್ಲ ಅನ್ನಲ್ಲ. ತುಮಕೂರಿಗೆ ವಸಂತನರಸಾಪುರದ ಫ್ಯಾಕ್ಟರಿಗಳಿವೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು, ಬೆಂಗಳೂರು 70 ಕಿಲೋಮೀಟರ್ ಅಷ್ಟೇ, ಬೆಳಗ್ಗೆ ರೈಲಲ್ಲಿ ಹೋಗಿ ಸಂಜೆ ಬರೋರು ಎಷ್ಟೋ ಜನ. ಆದ್ರೆ ಏರೋದು ನಿಮ್ಮ ರೋಡಿನ ರೇಟಾ ಅಂತ ನೋಡ್ಬೇಕು. ಬ್ರೋಕರ್‌ಗಳು ಹೇಳೋ ಮೆಟ್ರೋ ನಂಬ್ಕೊಂಡು ಕೂರ್ಬೇಡಿ, ಹಸಿರು ಲೈನು 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿದೆ, ಅಲ್ಲಿಂದ ತುಮಕೂರಿಗೆ ಇನ್ನೂ ಐವತ್ತು ಚಿಲ್ಲರೆ ಕಿಲೋಮೀಟರ್ ಇದೆ. ಅಕ್ಕಪಕ್ಕದಲ್ಲಿ ಹೋದ ವರ್ಷ ನಿಜವಾಗ್ಲೂ ರಿಜಿಸ್ಟ್ರಾಗಿರೋ ಎರಡು ಮೂರು ಮನೆ ಎಷ್ಟಕ್ಕೆ ಹೋದ್ವು ಅಂತ ಕೇಳಿ ತಿಳ್ಕೊಳಿ, ಮಾರಿದೋರು ಹೇಳೋದಕ್ಕಿಂತ ಕೊಂಡೋರು ಹೇಳೋದೇ ನಿಜಕ್ಕೆ ಹತ್ರ ಇರುತ್ತೆ.

ಎರಡನೇ ಲೆಕ್ಕ ಲೋನಿಂದು, ನಮ್ಮನ್ನ ಮುಳುಗಿಸಿದ್ದು ಇದೇ. ಫ್ಲ್ಯಾಟ್ ತಗೊಂಡಾಗ ಬಡ್ಡಿ 7ರ ಹತ್ರ ಇತ್ತು, ರಿಸರ್ವ್ ಬ್ಯಾಂಕ್ 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ ರೇಟನ್ನ, ಅಂದ್ರೆ ಬ್ಯಾಂಕುಗಳಿಗೆ ತಾನು ಕೊಡೋ ಸಾಲದ ಬಡ್ಡಿನ, 4ರಿಂದ 6.5ಕ್ಕೆ ಏರಿಸ್ತು, ನಮ್ಮದೂ ಅದರ ಹಿಂದೇನೇ ಹತ್ಕೊಂಡು ಹೋಯ್ತು. ಲೆಕ್ಕಕ್ಕೆ 8.5 ಅಂತ ಇಟ್ಕೊಳಿ, 40 ಲಕ್ಷಕ್ಕೆ 20 ವರ್ಷದ ಇಎಂಐ ಸುಮಾರು 34,700, ಅದರಲ್ಲಿ ಮೊದಲ ವರ್ಷ ಬಡ್ಡಿಗೇ 3.4 ಲಕ್ಷದ ಹತ್ರ ಹೋಗುತ್ತೆ. ಅಂದ್ರೆ ಏನಾಯ್ತು? ಒಂದು ಕಡೆ 62 ಲಕ್ಷದ ಮನೆ ಇಟ್ಕೊಂಡು ವರ್ಷಕ್ಕೆ 1.2 ಲಕ್ಷ ಎಣಿಸ್ತಾ, ಇನ್ನೊಂದು ಕಡೆ 3.4 ಲಕ್ಷ ಬಡ್ಡಿ ಕಟ್ತಾ ಇದ್ವಿ. ಈ ಕೈಲಿ ಈಸ್ಕೊಂಡು ಆ ಕೈಲಿ ಮೂರರಷ್ಟು ಕೊಡೋ ವ್ಯವಹಾರ. ಹೊಸ ಮನೆ ಮೇಲೆ ದೊಡ್ಡ ಲೋನ್ ಇದ್ರೆ ಹಳೇ ಮನೆ ಬಾಡಿಗೆ "ಇನ್‌ಕಮ್" ಅಂತ ಕರಿಯೋಕೆ ಮುಂಚೆ ಈ ಎರಡು ನಂಬರ್ ಪಕ್ಕಪಕ್ಕ ಬರೀರಿ.

ಈಗ ಮೂರನೇದು, ತಾರೀಕಿನ ವಿಷಯ. ಇದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮನೆ ಮಾರಿ ಬಂದ ಲಾಭವನ್ನ ಇನ್ನೊಂದು ವಾಸದ ಮನೆಗೆ ಹಾಕಿದ್ರೆ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಇಲ್ಲ, ಸೆಕ್ಷನ್ 54 ಅಂತ ಎಲ್ಲರೂ ಹೇಳೋದು ಅದನ್ನೇ. (2026ರ ಏಪ್ರಿಲ್ 1ರಿಂದ ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ, ಅದರಲ್ಲಿ ಸೆಕ್ಷನ್ ನಂಬರ್ ಬೇರೆ, ಆಡಿಟರ್ ಹತ್ರ ಹೋದಾಗ ಗಾಬರಿ ಆಗ್ಬೇಡಿ.) ಆದ್ರೆ ಹೊಸ ಮನೆ ಯಾವಾಗ ತಗೊಂಡಿರಬೇಕು ಅನ್ನೋದಕ್ಕೆ ಒಂದು ಕಿಟಕಿ ಇದೆ. ಹಳೇದು ಮಾರೋಕೆ ಹಿಂದಿನ ಒಂದು ವರ್ಷದೊಳಗೆ, ಇಲ್ಲಾ ಮಾರಿದ ಮೇಲೆ ಎರಡು ವರ್ಷದೊಳಗೆ ಕೊಂಡಿರಬೇಕು, ಕಟ್ಟೋದಾದ್ರೆ ಮಾರಿದ ಮೇಲೆ ಮೂರು ವರ್ಷದೊಳಗೆ ಮುಗಿಸ್ಬೇಕು. ನಾವು ಫ್ಲ್ಯಾಟ್ ತಗೊಂಡಿದ್ದು 2022ರ ಮೇ. ಅಂದ್ರೆ 2023ರ ಮೇ ಒಳಗೆ ತುಮಕೂರಿನ ಮನೆ ಮಾರಿದ್ದಿದ್ರೆ ಒಂದು ರೂಪಾಯಿನೂ ಟ್ಯಾಕ್ಸ್ ಇರ್ತಿರಲಿಲ್ಲ. ಅವತ್ತು ನಾವು ಬಾಡಿಗೆಯೋರಿಗೆ ಕಿಚನ್ ಚಿಮಣಿ ಹಾಕಿಸ್ತಾ ಕೂತಿದ್ವಿ. ಆದ್ರಿಂದ ಹೊಸ ಮನೆ ಮೊದಲೇ ತಗೊಂಡಿರೋರು ಈಗಲೇ ಎದ್ದು ಹೋಗಿ, ಹೊಸ ಮನೆ ರಿಜಿಸ್ಟ್ರಾದ ತಾರೀಕಿಗೆ ಒಂದು ವರ್ಷ ಕೂಡಿಸಿ ಗೋಡೆ ಕ್ಯಾಲೆಂಡರಲ್ಲಿ ಕೆಂಪು ಗುರುತು ಹಾಕಿ. ಮಾರ್ತೀರೋ ಬಿಡ್ತೀರೋ ಆ ತಾರೀಕಿಗೆ ಮುಂಚೆ ತೀರ್ಮಾನ ಆಗ್ಲಿ, ಅದೂ ನಾಲ್ಕು ಐದು ತಿಂಗಳು ಮುಂಚೆ, ಯಾಕಂದ್ರೆ ಗಿರಾಕಿ ಸಿಕ್ಕಿ ಅವರಿಗೆ ಲೋನ್ ಸ್ಯಾಂಕ್ಷನ್ ಆಗಿ ರಿಜಿಸ್ಟ್ರಾಗೋಕೆ ಅಷ್ಟು ಬೇಕೇ ಬೇಕು.

ಕಿಟಕಿ ಮುಚ್ಚಿದ ಮೇಲೆ ಟ್ಯಾಕ್ಸ್ ಎಷ್ಟು? ಎರಡು ವರ್ಷಕ್ಕಿಂತ ಜಾಸ್ತಿ ನಿಮ್ಮ ಹೆಸರಲ್ಲಿದ್ದ ಮನೆ ಆದ್ರೆ 12.5 ಪರ್ಸೆಂಟು, ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂಗೆ ಕೊಂಡ ಬೆಲೆನ ಏರಿಸಿ ಲೆಕ್ಕ ಹಾಕೋದು) ಇಲ್ಲದೆ. ಆದ್ರೆ 2024ರ ಜುಲೈ 23ಕ್ಕಿಂತ ಮುಂಚೆ ಕೊಂಡಿದ್ದಾದ್ರೆ, ಹಳೇ ಪದ್ಧತಿಯಲ್ಲಿ ಇಂಡೆಕ್ಸೇಶನ್ ಹಾಕಿ 20 ಪರ್ಸೆಂಟ್ ಲೆಕ್ಕ ಮಾಡಿ ಯಾವುದು ಕಮ್ಮಿನೋ ಅದನ್ನ ಕಟ್ಟಬಹುದು. ನಮ್ಮದು 2025ರ ನವೆಂಬರ್‌ನಲ್ಲಿ 75 ಲಕ್ಷಕ್ಕೆ ಹೋಯ್ತು. 75ರಲ್ಲಿ 30 ಕಳೆದ್ರೆ 45, ಅದಕ್ಕೆ 12.5 ಅಂದ್ರೆ 5.62 ಲಕ್ಷ. ಇಂಡೆಕ್ಸ್ ಹಾಕಿದ್ರೆ, ಸರ್ಕಾರದ ಸೂಚ್ಯಂಕ 2014-15ಕ್ಕೆ 240, 2025-26ಕ್ಕೆ 376, ಆಗ 30 ಲಕ್ಷ 47 ಲಕ್ಷ ಆಗುತ್ತೆ, ಲಾಭ 28, ಅದರ 20 ಪರ್ಸೆಂಟು 5.6 ಲಕ್ಷ. ಎರಡೂ ಒಂದೇ! ಆಡಿಟರೇ ನಕ್ಕುಬಿಟ್ರು. ಮೇಲೆ 4 ಪರ್ಸೆಂಟ್ ಸೆಸ್ಸು ಸೇರಿ 5.8 ಲಕ್ಷ ಚಿಲ್ಲರೆ. ಲಾಭದ ದುಡ್ಡನ್ನ ಆರು ತಿಂಗಳೊಳಗೆ ಇದಕ್ಕೇ ಅಂತ ಇರೋ ಸರ್ಕಾರಿ ಕಂಪನಿಗಳ ಬಾಂಡಿಗೆ ಹಾಕಿದ್ರೂ ಉಳಿಸಬಹುದು, 50 ಲಕ್ಷದವರೆಗೆ, ಆದ್ರೆ ಐದು ವರ್ಷ ಮುಟ್ಟಂಗಿಲ್ಲ, ನಮಗೆ ಲೋನ್ ತೀರಿಸೋಕೆ ದುಡ್ಡು ಬೇಕಿತ್ತು, ಹಾಕಲಿಲ್ಲ. ಲೋನ್ ತೀರಿಸಿದ್ರೆ ಟ್ಯಾಕ್ಸ್ ಮಾಫಿ ಇಲ್ವಾ ಅಂತ ನಾನೂ ಕೇಳ್ದೆ. ಇಲ್ಲ.

"ಆದ್ರೂ 62 ಇದ್ದಿದ್ದು 75 ಆಯ್ತಲ್ಲ, ನಿಮಗೆ ಲಾಭನೇ" ಅಂತೀರ. 2023ರ ಮೇನಲ್ಲೇ ಮಾರಿದ್ದಿದ್ರೆ ಏನಾಗ್ತಿತ್ತು ಅಂತ ಹೋಲಿಸಿ ಕೂತು ಬರೆದ್ವಿ. ಏರಿದ ರೇಟು 13 ಲಕ್ಷ, ಅಲ್ಲಿಂದ ಎರಡೂವರೆ ವರ್ಷದ ಬಾಡಿಗೆಯಲ್ಲಿ ಉಳಿದಿದ್ದು 3 ಲಕ್ಷ, ಒಟ್ಟು 16. ಅದೇ ಸಮಯದಲ್ಲಿ ಫ್ಲ್ಯಾಟ್ ಲೋನಿಗೆ ಕಟ್ಟಿದ ಬಡ್ಡಿ 8 ಲಕ್ಷದ ಮೇಲೆ, ಟ್ಯಾಕ್ಸ್ 5.8, ಮಾರೋಕೆ ಮುಂಚೆ ಮಾಡಿಸಿದ ಪೇಂಟು ಟೆರೇಸ್ ಲೀಕೇಜು ಒಂದು ಲಕ್ಷ. ಲೋನ್ ತೀರಿಸಿ ಮಿಕ್ಕ 22 ಲಕ್ಷ ಎಫ್‌ಡಿಲಿ ಇದ್ದಿದ್ರೆ ಬರ್ತಿದ್ದ ಬಡ್ಡಿ ಬೇರೆ. ಕೂಡಿ ಕಳೆದು ನೋಡಿದ್ರೆ ಎರಡು ಲಕ್ಷದಷ್ಟು ಕೈಯಿಂದಾನೇ ಹೋಗಿದೆ, ಓಡಾಟ ಉಚಿತ. ರೇಟು ಅಷ್ಟು ಏರಿಯೂ ಹಿಂಗೆ, ಏರದೇ ಇದ್ದಿದ್ರೆ ಏನ್ ಕಥೆ ಅಂತ ಯಜಮಾನ್ರು ಇವತ್ತಿಗೂ ಊಟಕ್ಕೆ ಕೂತಾಗ ಕೇಳ್ತಾರೆ, ನಾನು ಸಾರು ಬಡಿಸ್ತೀನಿ.

ಹಂಗಂತ ಎಲ್ಲರೂ ಮಾರ್‍ಬಿಡಿ ಅಂತಿಲ್ಲ. ಬಾಡಿಗೆಗೆ ಕೊಡೋದೇ ಸರಿ ಅನ್ನೋ ಸಂದರ್ಭಗಳೂ ಇವೆ. ಹೊಸ ಮನೆಗೆ ಲೋನ್ ಇಲ್ಲ ಅಥವಾ ಸಣ್ಣದು ಅಂದ್ರೆ ನನ್ನ ಅರ್ಧ ಲೆಕ್ಕ ನಿಮಗೆ ಅನ್ವಯಿಸಲ್ಲ. ಟ್ರಾನ್ಸ್‌ಫರ್ ಮೇಲೆ ಹೋಗ್ತಿದ್ದೀರ, ಮೂರು ನಾಲ್ಕು ವರ್ಷಕ್ಕೆ ವಾಪಸ್ ಬರೋದು ಗ್ಯಾರಂಟಿ ಅಂದ್ರೆ ಮಾರ್ಬೇಡಿ, ಅದೇ ಏರಿಯಾದಲ್ಲಿ ಮತ್ತೆ ಕೊಳ್ಳೋಕೆ ಸ್ಟಾಂಪ್ ಡ್ಯೂಟಿ ರಿಜಿಸ್ಟ್ರೇಶನ್‌ಗೇ ಲಕ್ಷಗಟ್ಟಲೆ ಬೇಕು. ಮನೆ ತುಮಕೂರಿನ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ, ಎಸ್‌ಎಸ್ ಪುರಂ, ಬಿಎಚ್ ರೋಡಿನ ಹಿಂದೆ ಮುಂದೆ ಇದ್ರೆ ಖಾಲಿ ಬೀಳೋದು ಕಮ್ಮಿ, ಮೇಲೆ ಎರಡು ಪೋರ್ಷನ್ ಹಾಕೋ ಶಕ್ತಿ ಇದ್ರೆ ಆ 2 ಪರ್ಸೆಂಟು 4 ಆಗ್ಬಹುದು. ಸಾಲದ ಮನೆ ಕೈಗೆ ಬಂದು ಇನ್ನೂ ಐದು ವರ್ಷ ಆಗಿಲ್ಲ, ಕಟ್ಟಿದ ಅಸಲಿಗೆ ಇನ್‌ಕಮ್ ಟ್ಯಾಕ್ಸ್‌ನ 80ಸಿಯಲ್ಲಿ ವಿನಾಯ್ತಿ ತಗೊಂಡಿದ್ದೀರ ಅಂದ್ರೂ ತಡೀರಿ, ಈಗ ಮಾರಿದ್ರೆ ಆ ವಿನಾಯ್ತಿ ವಾಪಸ್ ಇನ್‌ಕಮ್‌ಗೆ ಸೇರುತ್ತೆ.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಊರಲ್ಲಿ ಮನೆ ನೋಡ್ಕೊಳೋರು ಯಾರು? ಹೆಸರು ಹೇಳಿ. "ಯಾರಾದ್ರೂ ಇರ್ತಾರೆ" ಅಂದ್ರೆ ಯಾರೂ ಇಲ್ಲ ಅಂತ ಅರ್ಥ. ನಮಗೆ ಒಂದು ರಾತ್ರಿ ಒಂಬತ್ತೂವರೆಗೆ ಫೋನು, "ಆಂಟಿ, ಮೋಟ್ರು ಸುಟ್ಟೋಗಿದೆ, ಟ್ಯಾಂಕಲ್ಲಿ ನೀರಿಲ್ಲ, ಮಗು ಇದೆ". ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು ಸಂಪಲ್ಲಿ ತುಂಬಿದೆ, ಮೇಲೆ ಹತ್ತಿಸೋಕೆ ಮೋಟ್ರಿಲ್ಲ. ಪ್ಲಂಬರ್ ಫೋನಲ್ಲಿ "ನಾಳೆ ಬತ್ತೀನಿ ಬಿಡಕ್ಕಾ" ಅಂದ, ಮೂರು ದಿನ ಬರಲಿಲ್ಲ, ಕೊನೆಗೆ ಯಜಮಾನ್ರು ರಜೆ ಹಾಕಿ ಹೋದ್ರು. ಮೋಟ್ರು ರಿವೈಂಡಿಂಗ್‌ಗೆ ಆದ ಖರ್ಚು ಸಣ್ಣದು, ರಜೆ, ಪೆಟ್ರೋಲು, ಟೋಲು, ಬರ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿದ್ದೊಂದೇ ಲಾಭ. ತಮ್ಮನೋ ನಾದಿನಿಯೋ ಅಲ್ಲೇ ಇದ್ದು ನೋಡ್ಕೊಳ್ತಾರೆ ಅಂದ್ರೆ ಅವರಿಗೆ ಮೊದಲೇ ಕೇಳಿ, ಹಬ್ಬಕ್ಕೆ ಸೀರೆ ಕೊಟ್ರೆ ಸಾಲಲ್ಲ, ಖರ್ಚಿಗೆ ಅಂತ ಒಂದಿಷ್ಟು ದುಡ್ಡು ಅವರ ಕೈಲಿ ಇಟ್ಟಿರಿ.

ಭೋಗ್ಯದ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ನಮ್ಮ ಕಡೆ ಮಾರೋದು, ಬಾಡಿಗೆ ಬಿಟ್ರೆ ಮೂರನೇ ದಾರಿ ಅದೇ. ಒಟ್ಟಿಗೆ ದುಡ್ಡು ಈಸ್ಕೊಳೋದು, ತಿಂಗಳ ಬಾಡಿಗೆ ಇಲ್ಲ, ಮೂರು ವರ್ಷಕ್ಕೆ ಅಷ್ಟೂ ವಾಪಸ್. ನಮಗೆ 9 ಲಕ್ಷಕ್ಕೆ ಕೇಳಿದ್ರು, ಒಟ್ಟಿಗೆ 9 ಲಕ್ಷ ಅಂದ ತಕ್ಷಣ ಬಾಯಲ್ಲಿ ನೀರು ಬಂತು. ಆದ್ರೆ ಆ 9 ಲಕ್ಷ ಲೋನಿಗೆ ಕಟ್ಟಿದ್ರೆ 8.5ರ ಲೆಕ್ಕದಲ್ಲಿ ವರ್ಷಕ್ಕೆ ಉಳಿಯೋದು 76,500, ಬಾಡಿಗೆ ಖರ್ಚೆಲ್ಲಾ ಕಳೆದೂ 1.2 ಲಕ್ಷ ಬರ್ತಿತ್ತು. ಮೂರು ವರ್ಷ ಆದ್ಮೇಲೆ 9 ಲಕ್ಷ ಎಲ್ಲಿಂದ ತರೋದು? ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು. ಅವರು ಸಿಗೋವರೆಗೂ ಹಳಬರು ಖಾಲಿ ಮಾಡಲ್ಲ, ಮಾರೋಕೂ ಆಗಲ್ಲ. ಮನೆ ಮೇಲೆ ಲೋನ್ ಬಾಕಿ ಇದ್ರೆ ಬ್ಯಾಂಕಿಗೆ ಹೇಳದೆ ಮಾಡೋದು ಇನ್ನೂ ತಪ್ಪು. ಮಗಳ ಮದುವೆಗೆ ಭೋಗ್ಯದ ದುಡ್ಡು ಹಾಕಿ ಆಮೇಲೆ ಪರದಾಡಿದೋರನ್ನ ನೋಡಿದ್ದೀನಿ, ನಾವು ಆ ಕಡೆ ಹೋಗಲಿಲ್ಲ.

ಬಾಡಿಗೆಗೆ ಕೊಡೋದೇ ಅಂತ ತೀರ್ಮಾನ ಆದ್ರೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡ್ಸಿ, ಒಂದು ವರ್ಷ ದಾಟಿದ್ರೆ ರಿಜಿಸ್ಟ್ರು ಮಾಡಿಸ್ಬೇಕಾಗುತ್ತೆ, ಅದಕ್ಕೇ ಎಲ್ಲರೂ ಹನ್ನೊಂದು ಅನ್ನೋದು. ಕೀ ಕೊಡೋ ದಿನ ಪ್ರತಿ ರೂಮು, ನಲ್ಲಿ, ಫ್ಯಾನು, ಮೀಟರ್ ರೀಡಿಂಗ್ ವಿಡಿಯೋ ಮಾಡಿ ಅವರ ವಾಟ್ಸಾಪ್‌ಗೇ ಕಳ್ಸಿ, ಆಮೇಲೆ "ಇದು ಮುಂಚೇನೇ ಒಡೆದಿತ್ತು" ಅನ್ನೋ ಜಗಳ ಬರಲ್ಲ. ಗೃಹಜ್ಯೋತಿ ಬಾಡಿಗೆಯೋರ ಆಧಾರ್‌ಗೆ ಲಿಂಕ್ ಆಗಿದ್ರೆ ಖಾಲಿ ಮಾಡೋವಾಗ ಡಿಲಿಂಕ್ ಮಾಡಿಸ್ಕೊಂಡು ಆಮೇಲೆ ಅಡ್ವಾನ್ಸ್ ವಾಪಸ್ ಕೊಡಿ, ಇಲ್ಲಾಂದ್ರೆ ಮುಂದಿನೋರಿಗೆ ತೊಂದರೆ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದ್ರೆ 5 ಪರ್ಸೆಂಟ್ ಬಿಡ್ತಾರೆ. ಬಾಡಿಗೆಯನ್ನ ರಿಟರ್ನ್‌ನಲ್ಲಿ ತೋರ್ಸಿ, ಕಟ್ಟಿದ ಕಂದಾಯ ಕಳೆದು ಮಿಕ್ಕಿದ್ದಕ್ಕೆ 30 ಪರ್ಸೆಂಟು ರಿಪೇರಿ ಅಂತ ಬಿಲ್ ಕೇಳದೇನೇ ಬಿಡ್ತಾರೆ, ಮುಚ್ಚಿಡೋ ಅವಶ್ಯಕತೆನೇ ಇಲ್ಲ.

ಮಾರೋದಾದ್ರೆ ಗಿರಾಕಿಗಿಂತ ಮುಂಚೆ ಪೇಪರ್ ಹುಡುಕಿ. ಈಗ ಇ-ಖಾತಾ ಇಲ್ಲದೆ ರಿಜಿಸ್ಟ್ರೇ ಆಗಲ್ಲ. ನಮ್ಮ ಹಳೇ ಪೇಪರಲ್ಲಿ ಸೈಟಿನ ಅಳತೆ ಕ್ರಯಪತ್ರದಲ್ಲೊಂದು, ಖಾತೆಯಲ್ಲೊಂದು ಇತ್ತು, ಹತ್ತು ವರ್ಷ ಯಾರೂ ನೋಡಿರಲಿಲ್ಲ, ಅದನ್ನ ಸರಿ ಮಾಡಿಸೋ ಹೊತ್ತಿಗೆ ತಿಂಗಳುಗಳೇ ಹೋದ್ವು. ಅಷ್ಟರಲ್ಲಿ 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಶನ್ ಫೀಸು 1 ಪರ್ಸೆಂಟ್ ಇದ್ದಿದ್ದು 2 ಆಯ್ತು, 75 ಲಕ್ಷಕ್ಕೆ 75 ಸಾವಿರ ಜಾಸ್ತಿ. ಕಟ್ಟೋದು ಕೊಳ್ಳೋರೇ, ಆದ್ರೆ "ನಿಮ್ಮ ಪೇಪರಿಂದ ತಡ ಆಗಿದ್ದು" ಅಂತ ಅರ್ಧ ನಮ್ಮ ತಲೆಗೆ ಕಟ್ಟಿದ್ರು, ಅವರು ಹೇಳಿದ್ದೂ ಸುಳ್ಳಲ್ಲ. ಇಸಿ, ಅಂದ್ರೆ ಆಸ್ತಿ ಮೇಲೆ ಸಾಲ ಋಣ ಏನಿದೆ ಅಂತ ತೋರಿಸೋ ಪತ್ರ, ರಿಜಿಸ್ಟ್ರೇಶನ್ ಇಲಾಖೆಯ ಕಾವೇರಿ ವೆಬ್‌ಸೈಟಲ್ಲೇ ತೆಗೀಬಹುದು, ಹಳೇ ಲೋನ್ ತೀರಿಸಿದ್ರೂ ಇಸಿಯಲ್ಲಿ ಅಡಮಾನ ಹಂಗೇ ಕಾಣ್ತಿದ್ರೆ ಬ್ಯಾಂಕಿಂದ ಖುಲಾಸೆ ಮಾಡಿಸ್ಕೊಳಿ. ಪಿತ್ರಾರ್ಜಿತ ಜಾಗದಲ್ಲಿ ಕಟ್ಟಿದ್ದಾದ್ರೆ ಅಕ್ಕತಂಗಿಯರ ಸಹಿ ಬೇಕು, ಅದನ್ನ ಗಿರಾಕಿ ಬಂದ ಮೇಲೆ ಕೇಳೋಕೆ ಹೋದ್ರೆ ಸಂಬಂಧನೂ ಕೆಡುತ್ತೆ ವ್ಯಾಪಾರನೂ ಕೆಡುತ್ತೆ.

ಬಾಡಿಗೆಯೋರು ಇದ್ದಾಗ ಮನೆ ತೋರಿಸೋಕೆ ಹೋಗ್ಬೇಡಿ. ಒಣಗಾಕಿದ ಬಟ್ಟೆ, ಅಡುಗೆಮನೆ ಗೋಡೆಯ ಎಣ್ಣೆ ಜಿಡ್ಡು ನೋಡಿ ಬಂದೋರು ಐದು ಲಕ್ಷ ಇಳಿಸಿ ಕೇಳ್ತಾರೆ. ಖಾಲಿ ಮಾಡಿಸಿ, ಸುಣ್ಣಬಣ್ಣ ಮಾಡಿಸಿ ತೋರ್ಸಿ, ಪಿತೃಪಕ್ಷದಲ್ಲಿ ಮಾತ್ರ ಯಾರೂ ಬರಲ್ಲ, ಆ ಹದಿನೈದು ದಿನ ಸುಮ್ನಿರಿ. "ಇಷ್ಟು ವೈಟು, ಮಿಕ್ಕಿದ್ದು ಕ್ಯಾಶು" ಅಂತ ಬರೋರಿಗೆ ಕೈ ಮುಗೀರಿ, ಮನೆ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ಈಸ್ಕೊಂಡ್ರೆ ಅಷ್ಟೇ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದ್ರೆ ಕೊಳ್ಳೋರು 1 ಪರ್ಸೆಂಟ್ ಟಿಡಿಎಸ್ ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟಬೇಕು, ನಮ್ಮದ್ರಲ್ಲಿ 75,000 ಹಿಡಿದ್ರು, ಸರ್ಟಿಫಿಕೇಟ್ ಕೈಗೆ ಬರೋವರೆಗೂ ಅವರ ಬೆನ್ನು ಬಿಡ್ಬೇಡಿ.

ಇನ್ನೊಂದು, ಕ್ರಯದ ಕರಾರು ಬರೆಯೋ ದಿನವೇ ಮನೆ ಜೊತೆ ಏನೇನು ಬಿಟ್ಟು ಹೋಗ್ತೀರ ಅಂತ ಬರ್ಕೊಳಿ. ಸೋಲಾರ್, ಯುಪಿಎಸ್, ಫ್ಯಾನು, ಆ ಚಿಮಣಿ, ಎಲ್ಲಾ. ನಾವು ಇದಿಷ್ಟೂ ಬರೆಸಿದ್ವಿ, ಸರಿಯಾಗೇ ನಡೀತಿತ್ತು, ನಮ್ಮತ್ತೆ ಕೊನೇಲಿ ಬಾಯಿಬಿಟ್ರು, "ಮರದಾಗಿರೋ ಕಾಯಿ ಯಾರ್ದು?" ಅಂತ. ಪತ್ರ ಬರೆಯೋರು ಪೆನ್ನು ಎತ್ತಿ ನನ್ನ ಮುಖ ನೋಡಿದ್ರು. ಕೊಂಡೋರು ಒಳ್ಳೆ ಜನ, ರಿಜಿಸ್ಟ್ರಾಗೋಕೆ ಹಿಂದಿನ ಭಾನುವಾರ ಮರ ಹತ್ತೋನ್ನ ಅವರೇ ಕರ್ಕೊಂಡು ಬಂದ್ರು, ಮೂವತ್ತೆಂಟು ಕಾಯಿ ಇಳೀತು, ಎರಡು ಮಂಕ್ರಿ ಅತ್ತೆ ಕಾರಿನ ಡಿಕ್ಕಿಗೆ ಹಾಕಿಸ್ಕೊಂಡ್ರು, ಹತ್ತು ಕಾಯಿ ಅವರಿಗೇ ಬಿಟ್ಟು.